ಒಂದೇ ಅರ್ಜಿ ನಾಲ್ಕು ಸಲ ಬಂದರೆ ತಪ್ಪು ಯಾರದು?

ಪ್ರಶ್ನೆ: ಸರ್, ನಮಸ್ಕಾರ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಯಕ್ಷಗಾನ ಶಿಬಿರ ನಡೆಸುತ್ತೇವೆ. ಹೆಸರು ಕೊಡಲು ನಾನೇ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ಒಂದು ಪುಟ ಮಾಡಿದ್ದೇನೆ. ಇರುವುದು 40 ಸೀಟು. ಈ ಸಲ ಎರಡೇ ದಿನಕ್ಕೆ ಭರ್ತಿ ಅಂತ ತೋರಿಸಿತು, ಶಿಬಿರಕ್ಕೆ ಬಂದಿದ್ದು 31 ಮಕ್ಕಳು! ಪಟ್ಟಿ ನೋಡಿದರೆ ಕೆಲವು ಹೆಸರು ಎರಡೆರಡು ಸಲ ಇವೆ, ಒಂದು ನಾಲ್ಕು ಸಲ ಇದೆ. ಸೀಟಿಲ್ಲ ಅಂತ ವಾಪಸ್ ಕಳಿಸಿದ ಮಕ್ಕಳನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ. ಬಟನ್ ಒತ್ತಿದ ಕೂಡಲೇ ಅದು ಡಿಸೇಬಲ್ ಆಗುವಂತೆ ಆನ್‌ಕ್ಲಿಕ್‌ನಲ್ಲಿ ಬರೆದೆ, ಫಾರ್ಮ್ ಹೋಗಲೇ ಇಲ್ಲ. ಅದನ್ನೇ ಆನ್‌ಸಬ್ಮಿಟ್‌ಗೆ ಹಾಕಿದೆ. ಈಗ ಫಾರ್ಮ್ ಹೋಗುತ್ತದೆ, ಆದರೆ ಏನೂ ಸೇವ್ ಆಗದೆ ಖಾಲಿ ಫಾರ್ಮ್ ತಿರುಗಿ ಬರುತ್ತದೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಮೊದಲು ಇದನ್ನು ಹೇಳಿಬಿಡುತ್ತೇನೆ, ಎರಡು ಸಲ ಒತ್ತಿದವರದ್ದು ತಪ್ಪಲ್ಲ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಅಂಗಳ ದಾಟಿ ಗುಡ್ಡ ಹತ್ತಬೇಕು. ಅಲ್ಲಿ ನಿಂತು ಮಗನ ಹೆಸರು ತುಂಬಿಸಿ ಬಟನ್ ಒತ್ತುತ್ತಾರೆ. ಪುಟ ಹಾಗೇ ಇರುತ್ತದೆ, ಏನೂ ಆಗುವುದಿಲ್ಲ. ಹೋಯಿತೋ ಇಲ್ಲವೋ ಅಂತ ಇನ್ನೊಮ್ಮೆ ಒತ್ತದೆ ಏನು ಮಾಡಿಯಾರು? "ದಯವಿಟ್ಟು ಒಂದೇ ಸಲ ಒತ್ತಿ" ಎಂದು ಕೆಂಪಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುವ ಪುಟಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಷ್ಟು ಸಲ ಒತ್ತಿದರೂ ಒಂದೇ ಸಲ ದಾಖಲಾಗುವ ಹಾಗೆ ನೋಡಿಕೊಳ್ಳುವುದು ಪುಟ ಮಾಡಿದವರ ಕೆಲಸ.

ನಿಮ್ಮ ಬಟನ್ ಕಥೆ ಬೇಗ ಮುಗಿಸೋಣ. ಕ್ಲಿಕ್ ಆದಾಗಲೇ ಬಟನ್ ಡಿಸೇಬಲ್ ಮಾಡಿದರೆ, ಬ್ರೌಸರ್ ಫಾರ್ಮ್ ಕಳಿಸುವ ಮುಂಚೆ ಬಟನ್ ಕಡೆ ಒಮ್ಮೆ ನೋಡುತ್ತದೆ, ಡಿಸೇಬಲ್ ಆಗಿದೆ ಅಂದರೆ ಕಳಿಸುವುದನ್ನೇ ಬಿಡುತ್ತದೆ. ಆದ್ದರಿಂದ ಸಬ್ಮಿಟ್‌ಗೆ, ಅಂದರೆ ಫಾರ್ಮ್ ಹೊರಡುವ ಗಳಿಗೆಗೆ, ಬದಲಾಯಿಸಿದ್ದು ಸರಿಯೇ. ಆದರೆ ನಿಮ್ಮ ಪಿಎಚ್‌ಪಿ ಕೋಡ್‌ನ ಮೊದಲ ಸಾಲಿನಲ್ಲಿ 'ಸಬ್ಮಿಟ್' ಎಂಬ ಹೆಸರಿನ ಬಟನ್ ಬಂದಿದೆಯೇ ಅಂತ ಇಸ್‌ಸೆಟ್ ಹಾಕಿ ಕೇಳಿರುತ್ತೀರಿ, ಅಲ್ವಾ? ಪಿಎಚ್‌ಪಿ ಪಾಠಗಳಲ್ಲಿ ಹಾಗೆ ಕಲಿಸುವುದು ಬಹಳ. ಡಿಸೇಬಲ್ ಆದ ಬಟನ್‌ನ ಹೆಸರು ಸರ್ವರ್‌ಗೆ ಹೋಗುವುದೇ ಇಲ್ಲ. ಹಾಗಾಗಿ ನಿಮ್ಮ ಕೋಡ್ 'ಯಾರೂ ಏನೂ ಕಳಿಸಿಲ್ಲ' ಎಂದುಕೊಂಡು ಖಾಲಿ ಫಾರ್ಮ್ ತೋರಿಸುತ್ತದೆ. ಆ ಸಾಲು ತೆಗೆದು, ಬಂದಿರುವುದು ಪೋಸ್ಟ್ (ಫಾರ್ಮ್ ತುಂಬಿ ಕಳಿಸಿದ) ವಿನಂತಿಯೇ ಅಂತ ಮಾತ್ರ ನೋಡಿ. ಬಟನ್ ಮೇಲಿನ ಬರಹವನ್ನೂ 'ಕಳಿಸುತ್ತಿದ್ದೇವೆ, ತಾಳಿ' ಎಂದು ಬದಲಾಯಿಸಿ. ಗುಡ್ಡದ ಮೇಲೆ ನಿಂತವರಿಗೆ ಅಷ್ಟು ಕಂಡರೂ ಸಮಾಧಾನ.

ಆದರೆ ಬಟನ್ ನಂಬಿಕೊಂಡು ಕೂರಬೇಡಿ. ಜಾವಾಸ್ಕ್ರಿಪ್ಟ್ ಲೋಡ್ ಆಗುವುದರೊಳಗೆ ಒತ್ತುವವರಿದ್ದಾರೆ, ಪುಟ ರಿಫ್ರೆಶ್ ಮಾಡುವವರಿದ್ದಾರೆ. ಕೆಲವು ಸಲ ಅರ್ಜಿ ಸರ್ವರ್ ತಲುಪಿ ಸೇವ್ ಕೂಡ ಆಗಿರುತ್ತದೆ, ಉತ್ತರ ಬರುವಾಗ ನೆಟ್‌ವರ್ಕ್ ಹೋಗಿರುತ್ತದೆ. ಅಂಥ ಕಡೆ ಬಟನ್ ಏನು ಮಾಡೀತು? ಕಾವಲು ಇರಬೇಕಾದ್ದು ಡೇಟಾಬೇಸಿನಲ್ಲಿ.

ಫಾರ್ಮ್ ತೆರೆದಾಗಲೇ ಅದಕ್ಕೊಂದು ಗುರುತು ಕೊಡಿ, ರೇಷನ್ ಅಂಗಡಿಯ ಟೋಕನ್ ಇದ್ದ ಹಾಗೆ. ಪಿಎಚ್‌ಪಿ 7ರಿಂದ ರ‍್ಯಾಂಡಮ್ ಬೈಟ್ಸ್ ಎಂಬ ಫಂಕ್ಷನ್ ಇದೆ. 16 ಬೈಟ್ ಕೇಳಿ ಬಿನ್‌ಟುಹೆಕ್ಸ್ ಮಾಡಿದರೆ 32 ಅಕ್ಷರದ ಟೋಕನ್ ಸಿಗುತ್ತದೆ. ಅದನ್ನು ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಹಿಡನ್ ಇನ್‌ಪುಟ್‌ನಲ್ಲಿ ಇಡಿ. ಟೇಬಲ್‌ಗೆ ಟೋಕನ್ ಎಂಬ ಕಾಲಂ ಸೇರಿಸಿ ಅದನ್ನು ಯೂನಿಕ್ ಮಾಡಿ, ಅಂದರೆ ಒಂದೇ ಟೋಕನ್ ಎರಡು ಸಾಲಿನಲ್ಲಿ ಇರಕೂಡದು. ಅದೇ ಫಾರ್ಮ್ ಎರಡನೇ ಸಲ ಬಂದರೆ ಮೈಎಸ್‌ಕ್ಯೂಎಲ್ 1062 ಎಂಬ ಎರರ್ ಕೊಟ್ಟು ತಡೆಯುತ್ತದೆ. ಆ ಎರರ್ ಅನ್ನು ಮಾತ್ರ ಜನರಿಗೆ ತೋರಿಸಬೇಡಿ! ಮಗನ ಹೆಸರು ಆಗಲೇ ಸೇರಿರುವಾಗ 'ತಪ್ಪಾಗಿದೆ' ಎಂದು ಓದಿದ ತಾಯಿ ಗಾಬರಿಯಾಗಿ ಮತ್ತೆ ಮೊದಲಿಂದ ತುಂಬುತ್ತಾರೆ, ಹೊಸ ಟೋಕನ್‌ನೊಂದಿಗೆ. ಆ ಟೋಕನ್ ಇರುವ ಸಾಲು ಹುಡುಕಿ, ಮೊದಲ ಸಲ ಕೊಡಬೇಕಿದ್ದ ಉತ್ತರವನ್ನೇ ಕೊಡಿ: 'ನೋಂದಣಿ ಆಗಿದೆ, ನಿಮ್ಮ ಸಂಖ್ಯೆ 17'.

ಮೊದಲು ಸೆಲೆಕ್ಟ್ ಮಾಡಿ (ಆ ಸಾಲು ಇದೆಯೇ ಹುಡುಕಿ), ಇಲ್ಲದಿದ್ದರೆ ಮಾತ್ರ ಇನ್ಸರ್ಟ್ ಮಾಡಿದರೆ (ಸೇರಿಸಿದರೆ) ಸಾಲದೇ ಅಂತ ಕೇಳಬಹುದು. ಸಾಲದು. ಎರಡು ವಿನಂತಿ ಒಟ್ಟೊಟ್ಟಿಗೆ ಬಂದರೆ ಎರಡೂ ನೋಡುತ್ತವೆ, ಎರಡಕ್ಕೂ ಏನೂ ಕಾಣುವುದಿಲ್ಲ, ಎರಡೂ ಸೇರಿಸುತ್ತವೆ. ಫೋನ್ ನಂಬರ್ ಯೂನಿಕ್ ಮಾಡುವುದೂ ಬೇಡ. ಅಣ್ಣ ತಮ್ಮ ಇಬ್ಬರೂ ಅಪ್ಪನ ನಂಬರ್ ಕೊಟ್ಟರೆ ತಮ್ಮನಿಗೆ ಸೀಟು ಹೋಗುತ್ತದೆ.

ಟೋಕನ್ ಕಾಲಂ ಸೇರಿಸುವಾಗ ಒಂದು ತೊಡಕು ಬರುತ್ತದೆ. ಈಗಾಗಲೇ ಇರುವ ಸಾಲುಗಳಿಗೆಲ್ಲ ಖಾಲಿ ಅಕ್ಷರ ಬಂದು ಕೂತರೆ ಯೂನಿಕ್ ಮಾಡಲು ಮೈಎಸ್‌ಕ್ಯೂಎಲ್ ಒಪ್ಪುವುದಿಲ್ಲ. ಮೊದಲು ಕಾಲಂ ನಲ್ (ಏನೂ ತುಂಬದೆ) ಇರಲು ಬಿಡಿ, ಹಳೆ ಸಾಲುಗಳಿಗೆ ಅವುಗಳ ಐಡಿಯನ್ನೇ ತುಂಬಿ, ಆಮೇಲೆ ನಾಟ್ ನಲ್, ಯೂನಿಕ್ ಎರಡೂ ಹಾಕಿ. ನಲ್ ಹಾಗೇ ಉಳಿಸಿದರೆ ಕಾವಲು ಸಡಿಲ, ಯಾಕೆಂದರೆ ಯೂನಿಕ್ ಕಾಲಂನಲ್ಲೂ ಎಷ್ಟು ನಲ್ ಬೇಕಾದರೂ ಇರಬಹುದು.

ಸೇವ್ ಆದಮೇಲೆ ಅದೇ ಪುಟದಲ್ಲಿ ಧನ್ಯವಾದ ಹೇಳಬೇಡಿ. ರಿಫ್ರೆಶ್ ಮಾಡಿದರೆ ಬ್ರೌಸರ್ 'ಮತ್ತೆ ಕಳಿಸಲೇ?' ಎಂದು ಕೇಳುತ್ತದೆ, ಜನ ಹೂಂ ಅನ್ನುತ್ತಾರೆ. 303 ಎಂಬ ಉತ್ತರದೊಂದಿಗೆ ಬೇರೆ ಪುಟಕ್ಕೆ ಕಳಿಸಿ. 1997ರಲ್ಲಿ ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿ 1.1 ಬಂದಾಗ ಇದೇ ಕೆಲಸಕ್ಕೆ ಸೇರಿಸಿದ ಸಂಖ್ಯೆ ಅದು. ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಆ ಪುಟವಷ್ಟೇ ಮತ್ತೆ ತೆರೆಯುತ್ತದೆ. 307 ಹಾಕಬೇಡಿ, ಅದು ಪೋಸ್ಟನ್ನೇ ಹೊಸ ಪುಟಕ್ಕೆ ಹೊತ್ತೊಯ್ಯುತ್ತದೆ. ಬೇರೆ ಪುಟಕ್ಕೆ ಕಳಿಸುವ ಹೆಡರ್ ಸಾಲಿನ ಕೆಳಗೆ ಎಕ್ಸಿಟ್ ಬರೆಯಲು ಮರೆಯಬೇಡಿ.

ಇನ್ನು ಬ್ಯಾಕ್ ಬಟನ್. ಒಂದು ಮಗುವಿನ ಹೆಸರು ಕೊಟ್ಟು, ಹಿಂದೆ ಹೋಗಿ ಅದೇ ಫಾರ್ಮ್‌ನಲ್ಲಿ ಎರಡನೇ ಮಗುವಿನ ಹೆಸರು ತುಂಬುವವರಿದ್ದಾರೆ. ಟೋಕನ್ ಹಳೆಯದೇ ಇದ್ದರೆ ಎರಡನೇ ಮಗು ಸುಮ್ನೆ ಬಿಟ್ಟುಹೋಗುತ್ತದೆ. ಬ್ರೌಸರ್ ತನ್ನ ನೆನಪಿನಿಂದ ಪುಟ ತೆಗೆದರೆ ಜಾವಾಸ್ಕ್ರಿಪ್ಟ್‌ನ ಪೇಜ್‌ಶೋ (ಪುಟ ಕಂಡಾಗ ಆಗುವ) ಘಟನೆಯಲ್ಲಿ ಪರ್ಸಿಸ್ಟೆಡ್ ಎಂಬುದು ಟ್ರೂ ಆಗಿರುತ್ತದೆ, ಆಗ ಪುಟ ರಿಲೋಡ್ ಮಾಡಿಸಿ. ಫೈರ್‌ಫಾಕ್ಸ್ ರಿಲೋಡ್ ಆದರೂ ಹಳೆಯದನ್ನು ತುಂಬಿಕೊಡುತ್ತದೆ, ಅದಕ್ಕೆ ಫಾರ್ಮ್‌ಗೆ ಆಟೋಕಂಪ್ಲೀಟ್ ಆಫ್ ಹಾಕಿ. ಧನ್ಯವಾದ ಪುಟದಲ್ಲಿ 'ಇನ್ನೊಂದು ಮಗುವಿನ ಹೆಸರು ಸೇರಿಸಿ' ಎಂಬ ಲಿಂಕ್ ಇಟ್ಟರೆ ಹಿಂದೆ ಹೋಗುವವರೇ ಕಡಿಮೆಯಾಗುತ್ತಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮಗಳ ಪರೀಕ್ಷಾ ಶುಲ್ಕ ಕಟ್ಟುವಾಗ ಪುಟ ನಿಂತುಹೋಯಿತು. ಮತ್ತೆ ಕಟ್ಟಿದೆ. ಯುಪಿಐನಲ್ಲಿ ಎರಡು ಸಲ ದುಡ್ಡು ಹೋಗಿದೆ. ವಾಪಸ್ ಬರುತ್ತದೆಯೇ?
– ಓದುಗರು, ಹಾವೇರಿ

ಉತ್ತರ: ಎರಡು ಬಗೆ ಇದೆ. ನಿಮ್ಮ ಖಾತೆಯಿಂದ ಹೋಗಿ ಅವರಿಗೆ ತಲುಪಿದ ಖಾತ್ರಿ ಸಿಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಉಂಟು. ಎರಡೂ ಸಲ ತಲುಪಿದ್ದರೆ ಮಾತ್ರ ಬ್ಯಾಂಕಿಗೆ ಅದು ಸರಿಯಾದ ವ್ಯವಹಾರವೇ, ದುಡ್ಡು ಕೊಡಬೇಕಾದವರು ಶುಲ್ಕ ತೆಗೆದುಕೊಂಡವರು. ಎರಡೂ ಪಾವತಿಯ 12 ಅಂಕಿಯ ಯುಟಿಆರ್ (ಪಾವತಿಯ ಗುರುತು) ಸಂಖ್ಯೆ, ಮಗಳ ಅರ್ಜಿ ಸಂಖ್ಯೆ ಹಾಕಿ ಅವರಿಗೆ ಇಮೇಲ್ ಕಳಿಸಿ. ಫೋನಲ್ಲಿ ಹೇಳಿ ಸುಮ್ಮನಾಗಬೇಡಿ, ಬರಹದಲ್ಲಿರಲಿ.