ಓದುಗರು ಕೇಳಿದ್ದಾರೆ: ಕ್ರ್ಯಾಂಕ್‌ನ ನಡುವಿನ ಬೋಲ್ಟ್ ಹಳೆಯದೇ ಸಾಕೇ?

ಪ್ರಶ್ನೆ: ನಮ್ಮ ಹಳೆಯ ಆಕ್ಟೇವಿಯಾ 1.9 ಟಿಡಿಐ ಕಾರಿನ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ಗೆ ಹೊಂದಿಕೊಂಡು ವಾಲ್ವುಗಳನ್ನು ನಡೆಸುವ ಪಟ್ಟಿ) ಬದಲಿಸಬೇಕು. ಕ್ರ್ಯಾಂಕ್‌ನ (ಎಂಜಿನ್‌ನ ತಿರುಗುವ ಮುಖ್ಯ ದಂಡದ) ಮುಂದಿನ ಆಯಿಲ್ ಸೀಲೂ ಸೋರುತ್ತಿದೆ. ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ, ಸ್ಪ್ರಾಕೆಟ್‌ನ (ಆ ಬೆಲ್ಟ್ ತಿರುಗಿಸುವ ಹಲ್ಲಿನ ಚಕ್ರದ) ಹಳೆಯ ಬೋಲ್ಟನ್ನೇ ಬೋಲ್ಟ್ ಬಿಗಿಯುವ ಗನ್ ಹಾಕಿ ಬಿಗಿದರೆ ಸಾಕು ಎನ್ನುತ್ತಾರೆ. ಒಪ್ಪಬಹುದೇ?
– ನವನಗರ, ಹುಬ್ಬಳ್ಳಿ

ಉತ್ತರ: ಒಪ್ಪಬೇಡಿ. ಸ್ಪ್ರಾಕೆಟ್‌ನ ಭಾರವನ್ನೆಲ್ಲ ಕೀ (ಕ್ರ್ಯಾಂಕ್‌ನ ಕಚ್ಚಿನಲ್ಲಿ ಕೂರುವ ಸಣ್ಣ ಲೋಹದ ಗೂಟ) ಹೊರುತ್ತದೆ ಎಂಬ ನಂಬಿಕೆಯೇ ಇಲ್ಲಿ ತಪ್ಪು. ಕೀ ಇರುವುದು ಸ್ಪ್ರಾಕೆಟ್ ಸರಿಯಾದ ಜಾಗದಲ್ಲಿ ಕೂರಲಿ ಎಂದಷ್ಟೇ. ಸ್ಪ್ರಾಕೆಟನ್ನು ಕ್ರ್ಯಾಂಕ್‌ನ ಮೂತಿಗೆ ಒತ್ತಿ ಹಿಡಿದು, ಜಾರದಂತೆ ತಿರುಗಿಸುವುದು ಬೋಲ್ಟಿನ ಬಿಗಿ. ಡೀಸೆಲ್ ಎಂಜಿನ್ ಪ್ರತಿ ಸ್ಫೋಟಕ್ಕೂ ಕ್ರ್ಯಾಂಕನ್ನು ಜಗ್ಗುತ್ತದೆ. ಬಿಗಿ ಕಡಿಮೆಯಾದರೆ ಸ್ಪ್ರಾಕೆಟ್ ಹಿಂದೆ ಮುಂದೆ ಅಲುಗಾಡಿ, ಮೊದಲು ಕೀ ಕೂರುವ ಕಚ್ಚನ್ನು ಅಗಲಿಸುತ್ತದೆ, ಆಮೇಲೆ ಕೀಯನ್ನೇ ಕತ್ತರಿಸುತ್ತದೆ. ಅಷ್ಟಾದರೆ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್‌ಗೆ ಬಡಿಯುತ್ತವೆ. ಒಂದು ಬೋಲ್ಟ್ ಉಳಿಸಲು ಹೋಗಿ ಎಂಜಿನ್‌ನ ಹೆಡ್ ಬಿಚ್ಚುವ ಕೆಲಸ ಮೈಮೇಲೆ ಬರುತ್ತದೆ.

ನಿಮ್ಮ ಎಂಜಿನ್‌ನಲ್ಲಿ ಬೆಲ್ಟ್ ಬದಲಿಸಲು ನಡುವಿನ ಬೋಲ್ಟ್ ಬಿಚ್ಚಬೇಕಿಲ್ಲ. ಸ್ಪ್ರಾಕೆಟ್‌ನ ಮುಂದಿರುವ ಪುಲ್ಲಿಯ ಸಣ್ಣ ಬೋಲ್ಟುಗಳನ್ನು ತೆಗೆದರೆ ಸಾಕು. ಸೀಲ್ ಸೋರದಿದ್ದರೆ ಆ ಬೋಲ್ಟ್ ಮುಟ್ಟಬೇಡಿ ಎಂದೇ ಹೇಳುತ್ತಿದ್ದೆವು. ಸ್ಪ್ರಾಕೆಟ್‌ನ ಹಿಂದಿರುವ ಸೀಲ್ ಸೋರುತ್ತಿರುವುದರಿಂದ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಹೊಸ ಬೋಲ್ಟೇ ಬೇಕು, ಯಾಕೆಂದರೆ ಇದು ಬಿಗಿಯುವಾಗ ಹಿಗ್ಗುವ ಬೋಲ್ಟ್. ಒಮ್ಮೆ ಹಿಗ್ಗಿದ್ದು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ.

ಅಳತೆ 120 ನ್ಯೂಟನ್ ಮೀಟರ್, ಆಮೇಲೆ ಇನ್ನೂ 90 ಡಿಗ್ರಿ, ಅಂದರೆ ಕಾಲು ಸುತ್ತು. ಮೊದಲ ಹಂತವೇ 60 ಸೆಂ.ಮೀ. ಹಿಡಿಕೆಯ ತುದಿಗೆ ಸುಮಾರು 20 ಕಿಲೋ ತೂಗುಹಾಕಿದಷ್ಟು. ಗನ್ ಈ ಲೆಕ್ಕ ಇಡುವುದಿಲ್ಲ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚೇ ಬೇಕು. ಸ್ಪ್ರಾಕೆಟ್ ತಿರುಗದಂತೆ ಅದಕ್ಕೆಂದೇ ಇರುವ ಹಿಡಿಕೆಯಿಂದ ಹಿಡಿಯಿರಿ. ಟೈಮಿಂಗ್ ಕೂಡಿಸುವ ಪಿನ್ನು, ಪಟ್ಟಿಗಳ ಮೇಲೆ ಈ ಭಾರ ಹಾಕಿದರೆ ಅವು ಬಾಗುತ್ತವೆ.

ಕೂಡಿಸುವ ಮೊದಲು ಸ್ಪ್ರಾಕೆಟ್ ಮತ್ತು ಕ್ರ್ಯಾಂಕ್ ಕೂಡುವ ಮುಖಗಳಲ್ಲಿ ಎಣ್ಣೆ, ತುಕ್ಕು, ಬಣ್ಣ ಏನೂ ಉಳಿಯಬಾರದು. ಸೋರಿದ ಎಣ್ಣೆ ಅಲ್ಲಿಗೇ ಇಳಿದಿರುತ್ತದೆ, ಆದ್ದರಿಂದ ಇದನ್ನು ಎರಡು ಸಲ ನೋಡಿ. ಸ್ಪ್ರಾಕೆಟ್‌ನಲ್ಲಿ ಕೀ ಕೂರುವ ಕಚ್ಚಿನ ಅಂಚು ದುಂಡಗಾಗಿದ್ದರೆ ಹೊಸ ಸ್ಪ್ರಾಕೆಟ್ ಹಾಕಿ. ಕ್ರ್ಯಾಂಕ್‌ನ ಮೂತಿಯೇ ಸವೆದಿದ್ದರೆ ವೆಲ್ಡಿಂಗ್ ಹಾಕಿ ಲೇತ್‌ಗೆ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಬಿಸಿಗೆ ಮೂತಿ ವಾಲಬಹುದು. ಕೊನೆಗೆ ಎಂಜಿನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಕೂಡಿದ ಮೇಲಷ್ಟೇ ಸ್ಟಾರ್ಟ್ ಮಾಡಿ.

ಪ್ರಶ್ನೆ: ಹಳೆಯ ಡೀಸೆಲ್ ಕಾರು. ಕ್ರ್ಯಾಂಕ್ ಪುಲ್ಲಿ ಸ್ವಲ್ಪ ಓಲಾಡುತ್ತದೆ, ಸುತ್ತ ಕೆಂಪು ಪುಡಿ ಬಿದ್ದಿದೆ. ಈಗೀಗ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಬಿಳಿ ಹೊಗೆ ಬೇರೆ.
– ರಾಣೆಬೆನ್ನೂರು

ಉತ್ತರ: ಕಾರನ್ನು ಇವತ್ತೇ ನಿಲ್ಲಿಸಿ. ಬರೀ ಓಲಾಟವಾಗಿದ್ದರೆ ಪುಲ್ಲಿಯೊಳಗಿನ ರಬ್ಬರ್ ಸಡಿಲವಾಗಿರಬಹುದು ಎನ್ನುತ್ತಿದ್ದೆವು. ಅದನ್ನು ತಿಳಿಯಲು ಎಂಜಿನ್ ಆರಿಸಿ, ಪುಲ್ಲಿಯ ನಡುಭಾಗದಿಂದ ಹೊರಬಳೆಯವರೆಗೆ ಒಂದೇ ಗೆರೆ ಎಳೆಯುತ್ತಾರೆ. ಓಡಿಸಿದ ಮೇಲೆ ಗೆರೆ ತುಂಡಾಗಿದ್ದರೆ ದೋಷ ರಬ್ಬರಿನದು. ಆದರೆ ನೀವು ಹೇಳುವ ಕೆಂಪು ಪುಡಿ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಬಂದ ತುಕ್ಕಿನ ಪುಡಿ ಇರಬಹುದು. ಅದರ ಜೊತೆ ಸ್ಟಾರ್ಟಿಂಗ್ ತೊಂದರೆ, ಬಿಳಿ ಹೊಗೆ ಸೇರಿದರೆ ಸ್ಪ್ರಾಕೆಟ್ ಜಾರಿ ಟೈಮಿಂಗ್ ಹಿಂದೆ ಬಿದ್ದಿರುವ ಅನುಮಾನ ಬಲವಾಗುತ್ತದೆ. ಆ ಗೆರೆಯ ಪರೀಕ್ಷೆಗೂ ಎಂಜಿನ್ ಓಡಿಸಬೇಡಿ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಪುಲ್ಲಿ ಕಳಚಿ ನಡುವಿನ ಬೋಲ್ಟ್, ಕೀ, ಅದರ ಕಚ್ಚು ಮೂರನ್ನೂ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಸಡಿಲ ಬೋಲ್ಟನ್ನು ಮತ್ತೆ ಬಿಗಿದು ಕಳಿಸಲು ಒಪ್ಪಬೇಡಿ, ಒಳಗೆ ಸವೆದದ್ದು ಹಾಗೇ ಉಳಿದಿರುತ್ತದೆ.