ನೀರು ಜಾಸ್ತಿ ಬದಲಿಸಿದರೆ ಆಲ್ಕಲಿನಿಟಿ ನಿಲ್ಲುತ್ತಾ?

ನಿಮ್ಮ 200 ಲೀಟರ್ ರೀಫ್ ಟ್ಯಾಂಕ್‌ನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಆಲ್ಕಲಿನಿಟಿ, ಅಂದರೆ ಹವಳ ತನ್ನ ಗಟ್ಟಿ ಗೂಡು ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಮಟ್ಟ, ಒಂದೇ ವಾರದಲ್ಲಿ 8.5ರಿಂದ 7 ಡಿಕೆಎಚ್‌ಗೆ (ಅದನ್ನು ಅಳೆಯುವ ಮಾನ) ಇಳಿದಿದೆ, ವಾರಕ್ಕೆ 10% ಬದಲು 30% ನೀರು ಬದಲಿಸಲಾ ಅಂತ ಕೇಳಿದ್ದೀರಿ. ಬೇಡ, ಡೋಸಿಂಗ್ ಶುರು ಮಾಡಿ, ಅಂದರೆ ಖರ್ಚಾದದ್ದನ್ನು ದಿನವೂ ಅಳೆದು ಸೇರಿಸಿ.

ಸುಮ್ನೆ ಲೆಕ್ಕ ಹಾಕಿ ನೋಡಿ. 7 ಇರುವ ಟ್ಯಾಂಕ್‌ಗೆ 8.5ರ ಹೊಸ ನೀರು 10% ಹಾಕಿದರೆ ಏರುವುದು 0.15 ಮಾತ್ರ. 30% ಹಾಕಿದರೂ 0.45. ಹವಳ ತಿಂದಿರುವುದು 1.5! ಉಪ್ಪಿನ ದುಡ್ಡು ದಂಡ ಅಷ್ಟೇ.

200 ಲೀಟರ್‌ಗೆ 1 ಡಿಕೆಎಚ್ ಏರಿಸಲು ಸುಮಾರು 6 ಗ್ರಾಂ ಅಡುಗೆ ಸೋಡಾ ಸಾಕು (ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಏನೇನೋ ಇರುತ್ತೆ). ನಿಮಗೆ ದಿನಕ್ಕೆ ಸುಮಾರು 1.3 ಗ್ರಾಂ ಆಯಿತು. ಆರ್‌ಓ ನೀರಲ್ಲಿ ಕರಗಿಸಿ, ಪಂಪಿನ ಹರಿವು ಜೋರಿರುವ ಕಡೆ ನಿಧಾನಕ್ಕೆ ಸುರಿಯಿರಿ. ಕಲ್ಲು, ಮರಳು ಜಾಗ ತಿಂದಿರುತ್ತವೆ, ಹಾಗಾಗಿ ಸ್ವಲ್ಪ ಕಡಿಮೆಯಿಂದಲೇ ಶುರು ಮಾಡಿ. ಮೊದಲ ವಾರ ದಿನವೂ ಒಂದೇ ಹೊತ್ತಿಗೆ ಟೆಸ್ಟ್ ಮಾಡಿ.

ಕ್ಯಾಲ್ಸಿಯಂ ಇಳಿದಿಲ್ಲ ಅಂದಿರಲ್ಲ, ಇಳಿದಿರುತ್ತೆ. 1.5 ಡಿಕೆಎಚ್ ಜೊತೆ ಹೋಗುವುದು ಬರೀ 11 ಪಿಪಿಎಂ (ಹತ್ತು ಲಕ್ಷದಲ್ಲಿ 11 ಪಾಲು), ನಮ್ಮ ಕಿಟ್‌ಗಳಿಗೆ ಅದು ಕಾಣುವುದೇ ಕಷ್ಟ. ಅದನ್ನೂ ಡೋಸ್ ಮಾಡಬೇಕು, ಆದರೆ ಸೋಡಾ ಜೊತೆಗೇ ಸುರಿಯಬೇಡಿ, ಬೆಳ್ಳಗೆ ಗಷ್ಟು ಕಟ್ಟುತ್ತೆ. ಮೆಗ್ನೀಸಿಯಂ 1300 ಪಿಪಿಎಂ ಆಸುಪಾಸು ಇದ್ದರೆ ತಿಂಗಳಿಗೊಮ್ಮೆ ನೋಡಿದರಾಯಿತು.

10% ನೀರು ಬದಲಿಸುವುದನ್ನು ಮಾತ್ರ ಬಿಡಬೇಡಿ. ನೈಟ್ರೇಟ್ ಇಳಿಯುವುದು, ಡೋಸಿಂಗ್‌ನಿಂದ ಏರುಪೇರಾದ ಲವಣಗಳು ಸರಿಹೋಗುವುದು ಅದರಿಂದಲೇ. ಅಂದಹಾಗೆ, ಕಲಸಿದ ಹೊಸ ಉಪ್ಪುನೀರಿನ ಆಲ್ಕಲಿನಿಟಿ ಎಷ್ಟಿದೆ? ಮೇಲಿನ ಲೆಕ್ಕದಲ್ಲಿ ನಾನು 8.5 ಅಂತ ಹಿಡಿದಿದ್ದೇನೆ. ಕೆಲವು ಉಪ್ಪಿನಲ್ಲಿ 11ರ ಮೇಲಿರುತ್ತೆ.