ಪಲ್ಸಾರ್‌ಗಳ ಫೋಟೋ ಯಾಕೆ ಸಿಗುವುದಿಲ್ಲ, ಬರೀ ಗ್ರಾಫ್ ಯಾಕೆ?

ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ತೆಗೆದ ಪಲ್ಸಾರ್ ಫೋಟೋ ಹುಡುಕಿ ಸುಸ್ತಾಯಿತು, ಎಲ್ಲಿ ನೋಡಿದರೂ ಗ್ರಾಫ್‌ಗಳೇ, ಫೋಟೋ ಇಲ್ಲದೆ ಅದು ತಿರುಗುತ್ತಿದೆ ಅಂತ ಹೇಗೆ ಹೇಳುತ್ತಾರೆ ಎಂದು ಕೇಳಿದ್ದೀರಿ. ಇದ್ದಕ್ಕಿದ್ದ ಹಾಗೆ ಹೊತ್ತಿಕೊಳ್ಳುವ ಎಕ್ಸ್-ರೇ ಮೂಲಗಳನ್ನು ಹೇಗೆ ಹಿಡಿಯುತ್ತಾರೆ ಎಂದೂ ಕೇಳಿದ್ದೀರಿ. ಎಂ.ಎಸ್‌ಸಿ. ಪ್ರಾಜೆಕ್ಟಿಗಾಗಿ ಆ ಡೇಟಾ ಜೊತೆ ಕೆಲವು ತಿಂಗಳು ಗುದ್ದಾಡಿದವನು ನಾನು, ಗೊತ್ತಿದ್ದಷ್ಟು ಹೇಳುತ್ತೇನೆ.

ಫೋಟೋ ಇಲ್ಲ, ಯಾಕೆಂದರೆ ತೆಗೆಯಲು ಆಗುವುದಿಲ್ಲ. ಪಲ್ಸಾರ್ ಎಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು. ಅಡ್ಡಳತೆ 20 ಕಿಲೋಮೀಟರ್ ಆಸುಪಾಸು, ಇರುವುದು ಸಾವಿರಾರು ಜ್ಯೋತಿರ್ವರ್ಷ ಆಚೆ. ಯಾವ ದೂರದರ್ಶಕಕ್ಕೂ ಅದು ಚುಕ್ಕಿಯೇ. ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಉಪಕರಣವಂತೂ ಚಿತ್ರ ತೆಗೆಯುವುದೇ ಇಲ್ಲ. ಅದು ಕ್ಸೆನಾನ್ ಅನಿಲ ತುಂಬಿದ ಪೆಟ್ಟಿಗೆ. ಒಂದು ಎಕ್ಸ್-ರೇ ಫೋಟಾನ್, ಅಂದರೆ ಎಕ್ಸ್-ರೇಯ ಒಂದು ಕಣ, ಒಳಗೆ ಬಂತೆಂದರೆ, ಬಂದ ಹೊತ್ತು ಮತ್ತು ಅದರ ಶಕ್ತಿ ಎರಡನ್ನೂ ಬರೆದಿಡುತ್ತದೆ. ಹೊತ್ತು ಅಂದರೆ ಸುಮ್ನೆ ಗಂಟೆ-ನಿಮಿಷ ಅಲ್ಲ, ಸೆಕೆಂಡಿನ ಲಕ್ಷದಲ್ಲೊಂದು ಭಾಗದ ಲೆಕ್ಕ. ನಮ್ಮ ಕೈಗೆ ಬರುವುದು ಕೋಟಿಗಟ್ಟಲೆ ಸಾಲುಗಳ ಹಾಜರಿ ಪುಸ್ತಕ.

ಪಲ್ಸಾರ್ ತಿರುಗುವಾಗ ಅದರ ಕಿರಣ ದೀಪಸ್ತಂಭದ ಬೆಳಕಿನ ಹಾಗೆ ಪ್ರತಿ ಸುತ್ತಿನಲ್ಲೂ ನಮ್ಮ ಕಡೆ ಹಾದುಹೋಗುತ್ತದೆ, ಹಾಗಾಗಿ ಫೋಟಾನ್‌ಗಳು ಸಮ ಅಂತರದಲ್ಲಿ ಗುಂಪಾಗಿ ಬರುತ್ತವೆ. ಸಮ ಅಂತರದಲ್ಲಿ ಬುಟ್ಟಾ ಇರುವ ಸೀರೆ ಮಡಿಚಿ ನೋಡಿದ್ದೀರಾ? ಅಂತರ ಹಿಡಿದು ಮಡಿಚಿದರೆ ಬುಟ್ಟಾ ಮೇಲೆ ಬುಟ್ಟಾ ಕೂರುತ್ತದೆ. ಪ್ರತಿ ಮಡಿಕೆಗೂ ಒಂದು ಬೆರಳಷ್ಟು ತಪ್ಪಿದರೆ ಎಲ್ಲ ಚೆಲ್ಲಾಪಿಲ್ಲಿ. ಆ ಹಾಜರಿ ಪುಸ್ತಕವನ್ನೂ ನಾವು ಹೀಗೆಯೇ ಮಡಿಚುತ್ತೇವೆ, ಕೆಲಸದ ಹೆಸರೇ ಫೋಲ್ಡಿಂಗ್. ಬೇರೆ ಬೇರೆ ಅಂತರ ಹಾಕುತ್ತಾ ಹೋದರೆ ಒಂದು ಕಡೆ ಗುಡ್ಡ ಎದ್ದು ನಿಲ್ಲುತ್ತದೆ. ಆ ಅಂತರವೇ ಪಲ್ಸಾರ್ ಒಂದು ಸುತ್ತು ತಿರುಗುವ ಸಮಯ.

ನಾನು ಮೊದಲು ಮಡಿಚಿದ್ದು ಕ್ರ್ಯಾಬ್ ಪಲ್ಸಾರ್. 1054ರಲ್ಲಿ ಚೀನಾದವರು ಹಗಲಲ್ಲೇ ಕಂಡು ಬರೆದಿಟ್ಟ ನಕ್ಷತ್ರ ಸ್ಫೋಟದ ಉಳಿಕೆ ಅದು. ಒಂದು ಸುತ್ತು ತಿರುಗಲು ಸುಮಾರು 33 ಮಿಲಿಸೆಕೆಂಡ್. ಕಲಿಯುವವರೆಲ್ಲ ಅದರಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ಚಪ್ಪಟೆ ಗೆರೆ ಬಂತು! ಮೂರು ದಿನ ಕೋಡ್ ತಡಕಾಡಿದೆ. ಕೊನೆಗೆ ಸೀನಿಯರ್ ಒಬ್ಬರು ಬೆನ್ನ ಹಿಂದೆ ನಿಂತು ನೋಡಿ, "ಬ್ಯಾರಿಸೆಂಟರ್ ಕರೆಕ್ಷನ್ ಮಾಡಿದ್ಯೇನೋ?" ಅಂದರು. ಮಾಡಿರಲಿಲ್ಲ. ಉಪಗ್ರಹ ಭೂಮಿಯ ಕೇಂದ್ರದಿಂದ ಸುಮಾರು 7,000 ಕಿ.ಮೀ. ದೂರದಲ್ಲಿ ಸುತ್ತುತ್ತಿರುತ್ತದೆ. ಪಲ್ಸಾರ್‌ಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಇದರಿಂದಲೇ ಫೋಟಾನ್ ಬರುವ ಹೊತ್ತು ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. 33ರ ಮಡಿಕೆಯಲ್ಲಿ 20 ಜಾರಿದರೆ ಇನ್ನೇನು ಉಳಿಯುತ್ತದೆ? ಸಾಲದ್ದಕ್ಕೆ ಭೂಮಿ ಬೇರೆ ಸೂರ್ಯನ ಸುತ್ತ ಓಡುತ್ತಿದೆ. ಹಾಗಾಗಿ ಎಲ್ಲ ಹೊತ್ತನ್ನೂ ಸೌರಮಂಡಲದ ತೂಕದ ಕೇಂದ್ರದಲ್ಲಿ ನಿಂತು ನೋಡಿದಂತೆ ಬದಲಿಸಬೇಕು. ಒಂದೇ ಕಮಾಂಡ್. ಹಾಕಿದೆ, ಎರಡು ಗುಡ್ಡ ಎದ್ದವು, ಕ್ರ್ಯಾಬ್ ಒಂದು ಸುತ್ತಿನಲ್ಲಿ ಎರಡು ಸಲ ಮಿನುಗುತ್ತದೆ.

ಇನ್ನು ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುವವು. ನನ್ನನ್ನು ಕೇಳಿದರೆ ಜಾಸ್ತಿ ಮಜಾ ಇರುವುದು ಇಲ್ಲೇ. ಆಕಾಶಕ್ಕೂ ಕಾವಲುಗಾರರಿದ್ದಾರೆ: ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ ಜಪಾನಿನ ಮ್ಯಾಕ್ಸಿ, ನಾಸಾದ ಸ್ವಿಫ್ಟ್ ಮುಂತಾದವು. ಹೊಸದೇನಾದರೂ ಕಂಡರೆ ಅದೇ ದಿನ ಜಗತ್ತಿಗೆಲ್ಲ ಸುದ್ದಿ. ಉಳಿದವರು ತಮ್ಮ ಕೆಲಸ ಬದಿಗಿಟ್ಟು ಅತ್ತ ತಿರುಗುತ್ತಾರೆ. 2017ರ ಅಕ್ಟೋಬರ್ 3ರಂದು ಸ್ವಿಫ್ಟ್ ಹೀಗೆ ಒಂದನ್ನು ಕಂಡಿತು. ಹೆಸರು ಸ್ವಿಫ್ಟ್ ಜೆ0243.6+6124. ಹೆದರಬೇಡಿ, ಅದು ಆಕಾಶದ ಡೋರ್ ನಂಬರ್ ಅಷ್ಟೇ. ಸುಮಾರು 9.8 ಸೆಕೆಂಡಿಗೊಂದು ಸುತ್ತು ತಿರುಗುವ ಪಲ್ಸಾರ್. ಅದರ ಜೊತೆಗಿರುವ ದೊಡ್ಡ ನಕ್ಷತ್ರ ಸೊಂಟದ ಸುತ್ತ ಅನಿಲ ಚೆಲ್ಲಿಕೊಂಡಿರುತ್ತದೆ. ಆ ಅನಿಲ ಪಲ್ಸಾರ್‌ನ ಅಯಸ್ಕಾಂತ ಬಲಕ್ಕೆ ಸಿಕ್ಕಿ ಅದರ ಧ್ರುವಗಳ ಮೇಲೆ ಸುರಿಯುತ್ತದೆ, ಅಲ್ಲಿ ಕಾದು ಎಕ್ಸ್-ರೇ ಚೆಲ್ಲುತ್ತದೆ. ಕೆಲವು ವಾರ ಅದು ಕ್ರ್ಯಾಬ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಗಿತು. ಆಸ್ಟ್ರೋಸ್ಯಾಟ್ ಕೂಡ ಅದೇ ತಿಂಗಳು ಅತ್ತ ನೋಡಿತು. ಬೀಳುವ ಅನಿಲ ತಳ್ಳುತ್ತಿದ್ದುದರಿಂದ ಪಲ್ಸಾರ್ ತಿರುಗುವ ವೇಗವೂ ಏರಿತು, ಬುಗುರಿಗೆ ಮತ್ತೆ ಮತ್ತೆ ಚಾಟಿ ಬೀಸಿದ ಹಾಗೆ. ಕ್ರ್ಯಾಬ್ ಇದಕ್ಕೆ ಉಲ್ಟಾ. ಅದಕ್ಕೆ ಚಾಟಿ ಬೀಸುವವರಿಲ್ಲ. ಅದರ ಒಂದು ಸುತ್ತಿನ ಸಮಯ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡ್ ಹೆಚ್ಚುತ್ತಾ ಹೋಗುತ್ತದೆ.

ನಿಮಗೂ ಮಡಿಚಿ ನೋಡುವ ಆಸೆ ಇದ್ದರೆ, ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋ ಡೇಟಾ ಕೇಂದ್ರದ ತಾಣದಲ್ಲಿ ಹೆಸರು ನೋಂದಾಯಿಸಿ ಡೇಟಾ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಅಂದಹಾಗೆ, ನಿಮಗೆ ಸಿಕ್ಕ ಗ್ರಾಫ್‌ನಲ್ಲಿ ಅಕ್ಕಪಕ್ಕ ಎರಡು ಗುಡ್ಡ ಇದ್ದು, ಒಂದು ಚೂಪಾಗಿ ಇನ್ನೊಂದು ತುಸು ಅಗಲವಾಗಿದ್ದರೆ, ಅದು ಕ್ರ್ಯಾಬೇ ಇರಬೇಕು.